ಕಪ್ಪು ಎಳೆಯ ಹಗ್ಗ

ಫೆಬ್ರವರಿ 6

ಅಜ್ಜೀ,

ಬಂದು ಸೇರಿದೆ. ಕೈಕಾಲು ನೆಟ್ಟಗಿವೆ, ಬೂಟಿಗೆ ಲಾಡಿ ಇಲ್ಲ, ಯಾವುದಕ್ಕೂ ಗಂಟು ಹಾಕಿಲ್ಲ. ನೀನು ಮೊದಲು ಕೇಳುವುದು ಇದನ್ನೇ ಎಂದು ಗೊತ್ತಿದ್ದರಿಂದ ಮೊದಲೇ ಬರೆದುಬಿಟ್ಟೆ. ಬಸ್ಸಿನಲ್ಲಿ ಪಕ್ಕದ ಹೆಂಗಸು "ಈ ಮೂಟೆ ಸ್ವಲ್ಪ ಕಟ್ಟಿಕೊಡಪ್ಪ" ಎಂದಾಗ ಕೈ ಉಳುಕಿದೆ ಎಂದು ಸುಳ್ಳು ಹೇಳಿದೆ. ನಾನು ಕಟ್ಟಿದ್ದರೆ ಆ ಮೂಟೆಯನ್ನು ಅವಳ ಮೊಮ್ಮಕ್ಕಳಿಂದಲೂ ಬಿಚ್ಚಲಾಗುತ್ತಿರಲಿಲ್ಲ.

ಹಗ್ಗದ ಬೀದಿ ನಾನು ಅಂದುಕೊಂಡಂತೆ ಇಲ್ಲವೇ ಇಲ್ಲ. ಅಜ್ಜ ಸಾಯುವ ಮುಂಚೆ "ಹಗ್ಗದ ಬೀದಿಯಲ್ಲಿ ನಾನು ಹಾಕಿದ ಗಂಟು ಇನ್ನೂ ಹಾಗೇ ಇದೆ" ಎಂದು ನಕ್ಕರಲ್ಲ, ಆ ನಗು ನೆನಪಿಸಿಕೊಂಡು ಯಾವುದೋ ಹಾಳುಬಿದ್ದ ಜಾಗವನ್ನು ಎದುರು ನೋಡುತ್ತಿದ್ದೆ. ನಮ್ಮೂರಲ್ಲಿ ಅವರು ಸಾಕ್ಷಿಗಾರನ ನಾಲಿಗೆ ಕಟ್ಟಿದ್ದು, ಪಂದ್ಯದ ಕುದುರೆಯ ಕಾಲು ಕಟ್ಟಿದ್ದು ಎಲ್ಲರಿಗೂ ಗೊತ್ತು. ಅವರು ಒಂದು ತುಂಡು ಹಗ್ಗಕ್ಕೆ ಗಂಟು ಹಾಕಿದರೆ ಇನ್ನೆಲ್ಲೋ ಯಾರದೋ ಏನೋ ಕಟ್ಟಿಬೀಳುತ್ತಿತ್ತು. ಹಾಗಾಗಿ ಇಲ್ಲಿಯೂ ಏನೋ ಒಂದು ನಿಂತುಹೋಗಿರಬೇಕು ಎಂದು ಹುಡುಕಿದೆ. ಬಾವಿಯಲ್ಲಿ ನೀರು ಬರುತ್ತದೆ. ಗಡಿಯಾರದ ಗಂಟೆ ಹೊಡೆಯುತ್ತದೆ. ನಾಯಿ ಬೊಗಳುತ್ತದೆ, ಮಕ್ಕಳು ಬೀಳುತ್ತವೆ, ಏಳುತ್ತವೆ. ಕುಂಟರು, ಮೂಕರು ಯಾರೂ ಕಾಣಲಿಲ್ಲ.

ಜನವಂತೂ ಚಿನ್ನ! ಬಟ್ಟೆ ಹೊಲಿಯುವ ಒಬ್ಬ ಹೆಂಗಸನ್ನು "ರೂಮು ಬಾಡಿಗೆಗೆ ಕೊಡ್ತೀರಾ?" ಎಂದು ಕೇಳಿದೆ. "ಆಗಲಿ" ಎಂದು ಬೀದಿ ಕಡೆಯ ಕೋಣೆಯಿಂದ ತನ್ನ ಹೊಲಿಗೆ ಮೆಷಿನ್ನನ್ನು ಆಗಲೇ ಎತ್ತಿ ಅಡುಗೆಮನೆಗೆ ಸಾಗಿಸಿದಳು. ದೊಡ್ಡ ಕಿಟಕಿಯ ಕೋಣೆ. ಹಗ್ಗದ ಕಾರ್ಖಾನೆಯ ಮೇಸ್ತ್ರಿಯನ್ನು "ಕೆಲಸ ಇದೆಯಾ?" ಎಂದು ಕೇಳಿದೆ. ಒಂದು ಕ್ಷಣ ನೆಲ ನೋಡಿ "ಬನ್ನಿ" ಎಂದ. ನಾರು ಹೊಸೆಯುವ ಕೆಲಸ, ಗಂಟು ಹಾಕುವುದು ಬೇರೆಯವರದು. ನಮ್ಮೂರಲ್ಲಿ ನನ್ನನ್ನು ಕಂಡರೆ ರಸ್ತೆ ದಾಟುತ್ತಿದ್ದ ಜನ ಇವರನ್ನು ಒಮ್ಮೆ ಬಂದು ನೋಡಬೇಕು.

ಅಜ್ಜ ಇಲ್ಲಿ ಏನು ಕಟ್ಟಿದರು ಎಂದು ನಿನಗೆ ಗೊತ್ತಿದ್ದರೂ ಹೇಳಬೇಡ. ನಾನೇ ಪತ್ತೆ ಹಚ್ಚುತ್ತೇನೆ, ನಾನೇ ಬಿಚ್ಚುತ್ತೇನೆ. ಆ ಕೈ ನನಗೇ ಬಂದಿದೆ, ಅದರಿಂದ ಒಂದಾದರೂ ಒಳ್ಳೆಯ ಕೆಲಸ ಆಗಲಿ.

ರಾತ್ರಿ ಚಳಿ ಇದೆ. ಒಂದು ಕಂಬಳಿ ಕಳಿಸುತ್ತೀಯಾ?

ನಿನ್ನ ಮೊಮ್ಮಗ


ಫೆಬ್ರವರಿ 17

ಮರೀ,

ಕಂಬಳಿ ಕಳಿಸಿದ್ದೇನೆ. ಕಾಗದ ಓದಿ ಸಮಾಧಾನವಾಯಿತು. ಲಾಡಿ ಇಲ್ಲದ ಬೂಟು ಜಾರುತ್ತದೆ, ಮೆಟ್ಟಿಲು ಇಳಿಯುವಾಗ ಹುಷಾರು.

ಇಲ್ಲಿ ಮನೆಗೆ ಜನ ಬರುವುದು ಹೆಚ್ಚಾಗಿದೆ. ನಿಮ್ಮಜ್ಜ ಇದ್ದಾಗ ಗೇಟು ಮುಟ್ಟಲು ಹೆದರುತ್ತಿದ್ದವರು ಈಗ ಸೀದಾ ಒಳಗೆ ಬರುತ್ತಾರೆ. ಎದುರುಮನೆಯವಳು ನಾದಿನಿ ಬರುತ್ತಾಳೆಂದು ಮಂಚ ಕೇಳಿದಳು. ಕೊಟ್ಟೆ. ನಾದಿನಿ ಬಂದು ಹೋಗಿದ್ದಾಳೆ, ಮಂಚ ಅಲ್ಲೇ ಇದೆ. ಅವಳ ಗಂಡ ಗೋಡೆ ಗಡಿಯಾರ ಕೇಳಿದ. ಅದನ್ನೂ ಕೊಟ್ಟೆ. ನೆಲದ ಮೇಲೆ ಮಲಗಿ ಸೊಂಟ ಸ್ವಲ್ಪ ಹಿಡಿದಿದೆ, ಮತ್ತೇನೂ ತೊಂದರೆ ಇಲ್ಲ.

ಹೇಳಬೇಡ ಎಂದಿದ್ದೀಯ. ಆಗಲಿ, ಹೇಳುವುದಿಲ್ಲ. ಆದರೆ ನೀನು ಬಾವಿ, ಗಡಿಯಾರ, ನಾಯಿ ನೋಡಿದೆ. ಅಲ್ಲಿಯ ಜನ ಒಬ್ಬರನ್ನೊಬ್ಬರು ಏನು ಕೇಳುತ್ತಾರೆ, ಹೇಗೆ ಕೇಳುತ್ತಾರೆ ಎಂದು ನೋಡಿದೆಯಾ? ನೋಡಿ ಬರೆ.

ಅಜ್ಜಿ


ಮಾರ್ಚ್ 2

ಅಜ್ಜೀ,

ನೀನು ಪತ್ತೇದಾರಳಾಗಬೇಕಿತ್ತು! ನೋಡಿದೆ. ಇಲ್ಲಿ ಯಾರೂ ಯಾರನ್ನೂ ಏನನ್ನೂ ಕೇಳುವುದಿಲ್ಲ.

ನನ್ನ ಮನೆಯೊಡತಿ ಹೊಲಿಗೆಯಮ್ಮನಿಗೆ ಉಪ್ಪು ಬೇಕಾದರೆ ಪಕ್ಕದ ಬಾಗಿಲಿಗೆ ಹೋಗಿ "ನಮ್ಮನೇಲಿ ಉಪ್ಪು ಮುಗಿದಿದೆ ಅಂತ ಕಾಣತ್ತೆ" ಎಂದು ಗಾಳಿಗೆ ಹೇಳಿ, ಉತ್ತರಕ್ಕೂ ನಿಲ್ಲದೆ ವಾಪಸು ಬರುತ್ತಾಳೆ. ಉಪ್ಪು ಬಂದರೆ ಬಂತು. ಬರದಿದ್ದರೆ ಯಾರಿಗೂ ಬೇಜಾರಿಲ್ಲ. ಕಾರ್ಖಾನೆಯಲ್ಲಿ ಭಾರದ ಸುರುಳಿ ಎತ್ತಬೇಕಾದರೆ "ಇದು ಒಬ್ಬನ ಕೈಯಲ್ಲಿ ಆಗೋ ಕೆಲಸ ಅಲ್ಲ ಬಿಡು" ಎಂದು ತಮಗೆ ತಾವೇ ಗೊಣಗಿಕೊಂಡು ಪಕ್ಕಕ್ಕೆ ನಿಲ್ಲುತ್ತಾರೆ. ಮನಸ್ಸಿದ್ದವನು ಬಂದು ಕೈ ಹಾಕುತ್ತಾನೆ. ಮಕ್ಕಳು ಕೆಟ್ಟ ಮಾತು ಆಡಿದರೆ ನಕ್ಕು ಸುಮ್ಮನಾಗುವ ತಾಯಂದಿರು, ಬೇರೆ ಮಗುವಿನ ಹತ್ತಿರ "ಕೊಡ್ತೀಯಾ?" ಎಂದರೆ ಬೆನ್ನಿಗೆ ಗುದ್ದುತ್ತಾರೆ. ಇಲ್ಲಿ ಕೇಳುವವರು ಇಬ್ಬರೇ. ಕಾರ್ಖಾನೆಯ ಯಜಮಾನರು, ಮತ್ತು ನಾನು.

ಇಷ್ಟು ಸಂಕೋಚದ ಜನವನ್ನು ನಾನು ನೋಡಿಲ್ಲ. ಇದಕ್ಕೂ ಅಜ್ಜನ ಗಂಟಿಗೂ ಏನು ಸಂಬಂಧವೋ ತಲೆಗೆ ಹೊಳೆಯುತ್ತಿಲ್ಲ. ಒಂದು ಸುಳಿವು ಮಾತ್ರ ಸಿಕ್ಕಿದೆ: ಇಲ್ಲಿ ಹೊಸೆದ ಹಗ್ಗಕ್ಕೆಲ್ಲ ಗುರುತಿಗೆಂದು ಒಂದು ಕಪ್ಪು ಎಳೆ ಸೇರಿಸುತ್ತಾರೆ. ನಮ್ಮ ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ಹಗ್ಗದಲ್ಲೂ ಅಂಥದೇ ಎಳೆ ಇದೆಯಲ್ಲವೇ?

ಹಗ್ಗಕ್ಕೆ ಎಣ್ಣೆ ಸವರುವ ಹುಡುಗಿಯೊಬ್ಬಳಿದ್ದಾಳೆ. ಮೊಣಕೈವರೆಗೂ ಎಣ್ಣೆ, ಅದಕ್ಕೇ ಎಲ್ಲರೂ ಎಣ್ಣೆಕೈ ಎನ್ನುತ್ತಾರೆ. ನಿನ್ನೆ ಅವಳು "ನೀವು ಬಾಯಿ ತೆಗೆದ್ರೆ ಬೀದಿಯೋರೆಲ್ಲ ಒಳಗೆ ಓಡ್ತಾರೆ, ಗೊತ್ತಾ?" ಎಂದಳು. "ಯಾಕೆ, ಅಷ್ಟು ಕೊರೀತೀನಾ?" ಎಂದೆ. ಅವಳು ನಗಲಿಲ್ಲ. "ನಿಮಗೆ ಯಾರೂ ಹೇಳಿಲ್ಲ ಪಾಪ" ಎಂದು ಡಬ್ಬ ಎತ್ತಿಕೊಂಡು ಹೋದಳು. ಅವಳು ಕೆಲಸ ಮಾಡುವಾಗ ಗುನುಗುವುದು ನನ್ನ ಯಂತ್ರದವರೆಗೂ ಕೇಳುತ್ತದೆ. ಸುಮ್ಮನೆ ಬರೆದೆ, ಅಷ್ಟೇ.

ಮಂಚ ಕೊಟ್ಟೆ, ಗಡಿಯಾರ ಕೊಟ್ಟೆ ಎಂದು ಬರೆದಿದ್ದೀಯ. ನಿನ್ನಂಥ ಧಾರಾಳಿ ಈ ಬೀದಿಯಲ್ಲಿ ಹುಟ್ಟಬೇಕಿತ್ತು ನೋಡು. ಕಂಬಳಿ ಬೆಚ್ಚಗಿದೆ, ನಿನ್ನ ವಾಸನೆ ಬರುತ್ತದೆ.

ನಿನ್ನ ಮೊಮ್ಮಗ


ಮಾರ್ಚ್ 20

ಮರೀ,

ಇನ್ನೂ ಹತ್ತಿರ ಹೋಗು. ಅಲ್ಲಿ ಯಾರನ್ನಾದರೂ, ಅವರು ಖಂಡಿತ ಕೊಡಲಾಗದ ಒಂದು ವಸ್ತುವನ್ನು ಕೇಳಿ ನೋಡು. ಕೊಟ್ಟ ಕೂಡಲೇ ವಾಪಸು ಕೊಡು. ಕೂಡಲೇ ಎಂದರೆ ಕೂಡಲೇ.

ಅಲ್ಲಿಯವರೆಗೆ ಬೇರೆ ಯಾರನ್ನೂ ಏನನ್ನೂ ಕೇಳಬೇಡ. ಆ ಹುಡುಗಿಯನ್ನಂತೂ ಕೇಳಲೇಬೇಡ.

ಇಲ್ಲಿ ಕುರ್ಚಿಗಳೂ ಹೋದವು.

ಅಜ್ಜಿ


ಮಾರ್ಚ್ 29

ಅಜ್ಜೀ, ಅಜ್ಜೀ,

ಕೂತುಕೊಂಡು ಓದು. ನಿನ್ನ ಮೊಮ್ಮಗನಿಗೆ ಮದುವೆ!

ಸಂಜೆ ಎಲ್ಲರೂ ಹೋದ ಮೇಲೆ ಎಣ್ಣೆಕೈ ಡಬ್ಬಗಳನ್ನು ತೊಳೆಯುತ್ತಿದ್ದಳು. ಇನ್ನು ತಡ ಮಾಡಿದರೆ ಧೈರ್ಯ ಕೈಕೊಡುತ್ತದೆ ಎಂದು "ನನ್ನನ್ನ ಮದುವೆ ಆಗ್ತೀರಾ?" ಎಂದುಬಿಟ್ಟೆ. ಅವಳು ಡಬ್ಬ ಕೆಳಗಿಟ್ಟಳು. ಆಮೇಲೆ ಮೆತ್ತಗೆ "ಆಗಲಿ" ಎಂದಳು. ಕಣ್ಣಲ್ಲಿ ನೀರು ತುಂಬಿತ್ತು. ನನಗೂ ಅಳು ಬಂತು. ಹುಟ್ಟಿದಾಗಿನಿಂದ ನಮ್ಮೂರಲ್ಲಿ ಯಾರೂ ನನ್ನ ಪಕ್ಕದ ಬೆಂಚಿನಲ್ಲಿ ಕೂರಲು ಒಪ್ಪಲಿಲ್ಲ, ಇವಳು ಜೀವನಪೂರ್ತಿ ಜೊತೆಗಿರಲು ಒಪ್ಪಿದಳು.

ನಾನು ಯಾರ ಮೊಮ್ಮಗ ಎಂದು ಇನ್ನೂ ಹೇಳಿಲ್ಲ. ಹೇಳುತ್ತೇನೆ, ಸಮಯ ನೋಡಿ.

ಇದನ್ನು ಅಂಚೆಗೆ ಹಾಕಲು ಹೊರಟಾಗ ನಿನ್ನ ಕಾಗದ ಬಂತು. ತಡವಾಯಿತು ನೋಡು, ಕೇಳಿ ಆಗಿದೆ! ಯಾಕೆ ಕೇಳಬೇಡ ಎಂದೆ? ಇರಲಿ, ನಾಳೆ ನಿನ್ನ ಪರೀಕ್ಷೆಯನ್ನೂ ಮಾಡಿ ಬರೆಯುತ್ತೇನೆ.

ನಿನ್ನ ಮೊಮ್ಮಗ


ಮಾರ್ಚ್ 30

ಅಜ್ಜೀ,

ಮೂಲೆಯಲ್ಲಿ ಚಪ್ಪಲಿ ಹೊಲಿಯುವ ತಾತ ಒಬ್ಬರಿದ್ದಾರೆ. ಅವರ ಕನ್ನಡಕದ ಗಾಜು ಬಾಟಲಿ ತಳದಷ್ಟು ದಪ್ಪ. ಅದಿಲ್ಲದೆ ಅವರಿಗೆ ಸೂಜಿ ಬಿಡು, ಚಪ್ಪಲಿಯೇ ಕಾಣುವುದಿಲ್ಲ. ಬೆಳಿಗ್ಗೆ ಹೋಗಿ ತಮಾಷೆ ಮಾಡುವವನ ಹಾಗೆ "ತಾತ, ನಿಮ್ಮ ಕನ್ನಡಕ ನನಗೆ ಕೊಟ್ಟುಬಿಡ್ತೀರಾ?" ಎಂದೆ.

ಅವರ ಕೈ ನಿಂತಿತು. ಬಾಯಿ ತೆರೆದರು. ಒಳಗಿನಿಂದ ಏನೋ ಹೊರಡಲು ಒದ್ದಾಡಿ ಅಲ್ಲೇ ಸಿಕ್ಕಿಹಾಕಿಕೊಂಡಂತೆ ಗಂಟಲು ಮೇಲೆ ಕೆಳಗೆ ಆಯಿತು. ಆಮೇಲೆ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ನಾನಿದ್ದ ಕಡೆಗೆ ಅಂದಾಜಿನ ಮೇಲೆ ಚಾಚಿದರು. "ತಗೊಳ್ಳಿ."

ನಾನು ಅದನ್ನು ಅವರ ಮೂಗಿನ ಮೇಲೆ ವಾಪಸು ಇಟ್ಟು ಕಾಲ ಬಳಿ ಕುಸಿದು ಕೂತೆ. ಅವರೇ ನನ್ನನ್ನು ಸಮಾಧಾನ ಮಾಡಿದರು. "ಹೊರಗಿನೋರಿಗೆ ಗೊತ್ತಿರಲ್ಲ ಬಿಡಪ್ಪ. ನಾನು ಹುಡುಗ ಇದ್ದಾಗ ಈ ಬೀದಿಯೋರೆಲ್ಲ ಸೇರಿ ಭಾನುವಾರ ಕೆಲಸಕ್ಕೆ ಬರಲ್ಲ ಅಂದ್ರು. ಹಳೇ ಯಜಮಾನ್ರು ಎಲ್ಲಿಂದಲೋ ಒಬ್ಬನ್ನ ಕರೆಸಿದ್ರು. ಮಾರನೇ ದಿನದಿಂದ ಯಾರು ಏನು ಕೇಳಿದ್ರೂ ಒಲ್ಲೆ ಅನ್ನೋಕೆ ಬಾಯೇ ಬರಲಿಲ್ಲ. ನಮ್ಮ ಮಕ್ಕಳಿಗೂ ಹಾಗೇ ಆಯ್ತು. ಅದಕ್ಕೇ ನಾವು ನಾವು ಕೇಳೋದನ್ನೇ ಬಿಟ್ವಿ. ಕೇಳದೇ ಇದ್ರೆ ಮರ್ಯಾದೆಯಾಗಿ ಬದುಕಬಹುದು."

ಇದು ಅಜ್ಜ ಕಟ್ಟಿದ್ದು. ಯಾರ ಕೈಕಾಲೂ ಅಲ್ಲ, ಬಾವಿಯೂ ಅಲ್ಲ.

ಮನೆಗೆ ಬಂದರೆ ಹೊಲಿಗೆಯಮ್ಮ ಕತ್ತಲೆ ಅಡುಗೆಮನೆಯಲ್ಲಿ ಹಗಲಲ್ಲೇ ದೀಪ ಹಚ್ಚಿಕೊಂಡು ಹೊಲಿಯುತ್ತಿದ್ದಳು. ಅವಳ ಕಿಟಕಿ ನನ್ನ ಕೋಣೆಯಲ್ಲಿದೆ.

ಎಣ್ಣೆಕೈ ಹುಟ್ಟಿದ್ದೂ ಇದೇ ಬೀದಿಯಲ್ಲಿ, ಅಜ್ಜಿ.


ಏಪ್ರಿಲ್ 24

ಮರೀ,

ನಿನ್ನಿಂದ ಕಾಗದವಿಲ್ಲ. ಅಂಚೆಯವನು ನನ್ನನ್ನು ನೋಡಿದರೆ ದೂರದಿಂದಲೇ ತಲೆ ಅಲ್ಲಾಡಿಸಿ ಹೋಗುತ್ತಾನೆ. ನಿನಗೆ ಬೇಸರವಾಗಿರಬಹುದು, ನಾಚಿಕೆಯಾಗಿರಬಹುದು, ಸಿಟ್ಟೂ ಬಂದಿರಬಹುದು. ಯಾವುದಾದರೂ ಸರಿ, ಎರಡು ಸಾಲು ಬರೆ.

ಆ ಹುಡುಗಿಗೆ ನೀನು ಯಾರು ಎಂದು ಹೇಳಿದೆಯಾ?

ಅಜ್ಜಿ


ಮೇ 11

ಅಜ್ಜಿಗೆ,

ಹೇಳಿಲ್ಲ.

ಹೋದ ತಿಂಗಳು ಕಾರ್ಖಾನೆಯಲ್ಲಿ ಹಗ್ಗದ ದೊಡ್ಡ ಸುರುಳಿಯೊಂದು ಜಾರಿ ಎಣ್ಣೆಕೈ ಇದ್ದ ಕಡೆ ಉರುಳಿತು. ಯೋಚಿಸುವ ಮೊದಲೇ ಅದರ ತುದಿ ಹಿಡಿದು ಕಂಬಕ್ಕೆ ಬಿಗಿದೆ. ಅವಳು ಉಳಿದಳು. ನಿನಗೆ ಕೊಟ್ಟ ಮಾತು ಉಳಿಯಲಿಲ್ಲ. ಆ ಗಂಟನ್ನು ಮೂರು ಜನ ಸೇರಿದರೂ ಬಿಚ್ಚಲಾಗಲಿಲ್ಲ, ಕೊಡಲಿಯೂ ಜಾರಿತು. ಯಜಮಾನರು ಬಂದು ಗಂಟು ನೋಡಿದರು, ನನ್ನ ಮುಖ ನೋಡಿದರು, ಬಾಗಿಲು ಮುಚ್ಚಿ ಮಾತಾಡಿದರು. "ನಿಮ್ಮಜ್ಜನ ಕೈ ಅಲ್ವಾ ಇದು? ನಮ್ಮಪ್ಪ ಹೇಳ್ತಿದ್ರು. ಅವರು ಹೋದ್ಮೇಲೆ ಗಂಟು ಸಡಿಲ ಆಗ್ತಿದೆ. ಮೊನ್ನೆ ಒಬ್ಬ ಮುದುಕ ಭಾನುವಾರ ಬರಲ್ಲ ಅನ್ನೋಕೆ ಹೋಗಿ ಅರ್ಧ ಹೇಳೇಬಿಟ್ಟ. ಆ ಹಗ್ಗ ನಿಮ್ಮ ಮನೇಲೇ ಇರಬೇಕು. ಇನ್ನೊಂದು ಸಲ ಬಿಗಿದುಕೊಡಿ." ಮೇಸ್ತ್ರಿ ಕೆಲಸ, ಮೂಲೆಯ ಮನೆ ಕೊಡುತ್ತಾರಂತೆ. ಮದುವೆಯಾದವನಿಗೆ ಮನೆ ಬೇಕಲ್ಲ ಎಂದರು.

ಈ ಬೀದಿಯಲ್ಲಿ ಆಗುವುದಿಲ್ಲ ಎನ್ನಬಲ್ಲವನು ನಾನೊಬ್ಬನೇ. ನಾನೂ ಅನ್ನಲಿಲ್ಲ.

ನೀನು ಬೈದುಕೋ. ನನಗೆ ಇದು ಒಗ್ಗಿಹೋಗುತ್ತಿದೆ. ಚಿಕ್ಕಂದಿನಿಂದ ನನಗೆ ಸಿಕ್ಕಿದ್ದು ಒಂದೇ ಉತ್ತರ. ಆಟಕ್ಕೆ ಬರಲಾ, ಇಲ್ಲ. ಕೂರಲಾ, ಇಲ್ಲ. ತಪ್ಪು ಮಾಡಿದ್ದು ಅಜ್ಜ, ಬಾಗಿಲು ಮುಚ್ಚಿದ್ದು ನನ್ನ ಮುಖದ ಮೇಲೆ. ಇಲ್ಲಿ ಎಲ್ಲರೂ ಆಗಲಿ ಎನ್ನುತ್ತಾರೆ. ಅದು ಗಂಟಿನ ಮಾತೋ ಮನಸ್ಸಿನ ಮಾತೋ ಎಂದು ಯಾಕೆ ಕೆದಕಬೇಕು? ಎಣ್ಣೆಕೈ ನನ್ನ ಜೊತೆ ನಗುತ್ತಾಳೆ. ನಗು ಎಂದು ನಾನೇನೂ ಕೇಳಿರಲಿಲ್ಲ. ಗಂಟು ಬಿಚ್ಚಿದರೆ ಅವಳು ಹೋದರೆ?

ಹಿತ್ತಿಲ ಹಗ್ಗ ಕಳಿಸು. ಯಾಕೆ ಎಂದು ಕೇಳಬೇಡ.


ಮೇ 20

ಮರೀ,

ಕೇಳುವುದಿಲ್ಲ. ಹಗ್ಗ ಈ ಕಟ್ಟಿನಲ್ಲಿದೆ. ಕಟ್ಟಿದ್ದು ನಾನು, ಆದ್ದರಿಂದ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ.

ಏನು ಮಾಡಲು ತರಿಸಿಕೊಳ್ಳುತ್ತಿದ್ದೀಯೋ ನನಗೆ ಗೊತ್ತಿಲ್ಲ. ನನಗೆ ಭಯವಾಗಿದೆ. ಬರೆಯದೆ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಇದರಲ್ಲಿ ಎರಡು ಗಂಟು ಕಾಣುತ್ತವೆ. ದೊಡ್ಡದು ಆ ಬೀದಿಯದು. ಪಕ್ಕದ ಚಿಕ್ಕದು ಅದಕ್ಕಿಂತ ಮುಂಚಿನದು, ನಿಮ್ಮಜ್ಜ ಕೈ ಪಳಗಿಸಿಕೊಳ್ಳಲು ಹಾಕಿದ್ದು. ಎರಡೂ ಒಂದರೊಳಗೊಂದು ಹೊಕ್ಕಿವೆ. ಒಂದನ್ನು ಬಿಗಿದರೆ ಇನ್ನೊಂದೂ ಬಿಗಿಯುತ್ತದೆ, ಒಂದು ಬಿಚ್ಚಿದರೆ ಇನ್ನೊಂದೂ ಬಿಚ್ಚುತ್ತದೆ.

ಕಟ್ಟುವಾಗ ತನಗೆ ಬೇಕಾದದ್ದನ್ನು ಗಟ್ಟಿಯಾಗಿ ನೆನೆಯಬೇಕು ಎನ್ನುತ್ತಿದ್ದರು. ಬಿಚ್ಚುವಾಗ ತನಗೆ ಅಂತ ಏನನ್ನೂ ಇಟ್ಟುಕೊಳ್ಳಬಾರದು, ಇಟ್ಟುಕೊಂಡು ಎಳೆದರೆ ಇನ್ನೂ ಬಿಗಿಯುತ್ತದೆ. ವಯಸ್ಸಾದ ಮೇಲೆ ಒಂದು ಮಧ್ಯಾಹ್ನ ಅವರು ಹಿತ್ತಿಲಲ್ಲಿ ಕೂತು ಆ ಚಿಕ್ಕ ಗಂಟನ್ನು ಬಿಚ್ಚಲು ನೋಡಿದರು. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ. ಉಗುರು ಕಿತ್ತು ರಕ್ತ ಬಂತು, ಗಂಟು ಬಿಡಲಿಲ್ಲ. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹಗ್ಗ ಸಿಕ್ಕಿತು ಎಂದಾದರೂ ಬರೆ.

ಅಜ್ಜಿ


ಜೂನ್ 9

ಅಜ್ಜೀ,

ಹಗ್ಗ ಸಿಕ್ಕಿತು. ಅದನ್ನು ಕೇಳಿ ಬರೆದಾಗ ಬಿಗಿಯಲು ಕೇಳುತ್ತಿದ್ದೇನೋ ಬಿಚ್ಚಲು ಕೇಳುತ್ತಿದ್ದೇನೋ ನನಗೇ ಗೊತ್ತಿರಲಿಲ್ಲ. ನೀನು ಭಯ ಎನ್ನುತ್ತಲೇ, ಯಾಕೆ ಎಂದೂ ಕೇಳದೆ ಕಳಿಸಿಬಿಟ್ಟೆ. ನನ್ನ ಮೇಲೆ ಇಷ್ಟು ನಂಬಿಕೆಯೇ ಎಂದು ನಾಚಿಕೆಯಾಯಿತು.

ಭಾನುವಾರ ಬೆಳಿಗ್ಗೆ ಕಿಟಕಿಯ ಬಳಿ ಕೂತು ದೊಡ್ಡ ಗಂಟಿಗೆ ಕೈ ಹಾಕಿದೆ. ಎಳೆದಷ್ಟೂ ಬಿಗಿಯಿತು. ಹೊರಗೆ ಹೊಲಿಗೆಯಮ್ಮ ಯಾರ ಹತ್ತಿರವೋ ಮಾತಾಡುತ್ತಿದ್ದವಳು ತಟ್ಟನೆ ಕೆಮ್ಮಿದಳು. ಭಯದಿಂದ ಕೈಬಿಟ್ಟೆ. ಆಗ ಹೊಳೆಯಿತು. ನಾನು ಬಿಚ್ಚುತ್ತಿದ್ದದ್ದು ನಿಜ, ಆದರೆ ಮನಸ್ಸಿನಲ್ಲಿ "ಬಿಚ್ಚಿದರೂ ಅವಳು ನನ್ನನ್ನೇ ಒಪ್ಪಲಿ, ಎಲ್ಲರೂ ನನ್ನನ್ನು ಹೊಗಳಲಿ" ಎಂದು ಜಪ ಮಾಡುತ್ತಿದ್ದೆ. ಅಜ್ಜನೂ ಹೀಗೇ ಕೂತಿರಬೇಕು.

ಹಗ್ಗ ಹೆಗಲಿಗೆ ಹಾಕಿಕೊಂಡು ಕಾರ್ಖಾನೆಗೆ ಹೋದೆ. ಯಜಮಾನರು ಎಂದಿನಂತೆ ಭಾನುವಾರವೂ ಎಲ್ಲರನ್ನೂ ಕೆಲಸಕ್ಕೆ ಕರೆಸಿದ್ದರು. ಎಣ್ಣೆಕೈ ಎದುರು ನಿಂತು ನಾನು ಯಾರು, ನಮ್ಮಜ್ಜ ಏನು ಮಾಡಿದರು, ನನಗೆ ಅದು ಗೊತ್ತಾಗಿ ಎಷ್ಟು ದಿನವಾಯಿತು, ಎಲ್ಲ ಹೇಳಿದೆ.

"ಗೊತ್ತಿದ್ದೂ ಸುಮ್ಮನಿದ್ರಾ?"

"ಹೂಂ."

"ಮದುವೆ ದಿನ ನೋಡೋಕೆ ನಮ್ಮ ಮನೆಗೆ ಬಂದಾಗ?"

"ಆಗಲೂ ಗೊತ್ತಿತ್ತು."

ಅವಳು ಎಣ್ಣೆಯ ಕೈಯಲ್ಲೇ ನನ್ನ ಕೆನ್ನೆಗೆ ಬಾರಿಸಿದಳು. ಇಡೀ ಕಾರ್ಖಾನೆ ತಿರುಗಿ ನೋಡಿತು. "ಅದೇ ಅಜ್ಜನ ಮೊಮ್ಮಗನೇ ನೀವು!" ಎಂದಳು. ಊರಿನವರು ಸಾವಿರ ಸಲ ಅಂದ ಮಾತು. ಅವತ್ತು ನಾಟಿದಷ್ಟು ಯಾವತ್ತೂ ನಾಟಿರಲಿಲ್ಲ. ಅವಳು ಹೇಳಿದ್ದು ನಾನೇ ಮಾಡಿದ್ದಕ್ಕೆ.

"ನಾನು ಕೇಳಿದ್ದನ್ನ ವಾಪಸ್ ತಗೊಂಡಿದ್ದೀನಿ. ನೀವು ಏನೂ ಒಪ್ಪಿಲ್ಲ, ನನಗೆ ಏನೂ ಕೊಡಬೇಕಾಗಿಲ್ಲ" ಎಂದೆ. ಅಲ್ಲೇ ನೆಲದ ಮೇಲೆ ಕೂತು ಹಗ್ಗ ತೊಡೆಯ ಮೇಲೆ ಹಾಕಿಕೊಂಡೆ. ಅವಳು ಎದುರಿಗೆ ಡಬ್ಬ ಬೋರಲು ಹಾಕಿ ಕೂತಳು. ನನ್ನ ಕೈ ಖಾಲಿಯಾಗಿದೆ ಎನ್ನಿಸುವವರೆಗೆ ಸುಮ್ಮನಿದ್ದೆ, ಅಜ್ಜಿ. ಅದಕ್ಕೆ ಬಹಳ ಹೊತ್ತು ಬೇಕಾಯಿತು. ಆಮೇಲೆ ಮುಟ್ಟಿದರೆ ಚಿಕ್ಕ ಗಂಟು ಮೊದಲು ಬಿಟ್ಟಿತು, ಅದರ ಹಿಂದೆಯೇ ದೊಡ್ಡದು. ಎಲ್ಲರೂ ಹಾಕುವ ಗಂಟಿನಷ್ಟೇ ಸುಲಭವಾಗಿ.

ಏನೂ ಆಗಲಿಲ್ಲ. ಗುಡುಗಿಲ್ಲ, ಸಿಡಿಲಿಲ್ಲ. ಯಂತ್ರಗಳು ತಿರುಗುತ್ತಲೇ ಇದ್ದವು. ಸಂಜೆ ಯಜಮಾನರು ಬಂದು ದಿನಾ ಕೇಳುವಂತೆ "ಇನ್ನೆರಡು ಗಂಟೆ ನಿಲ್ತೀರಾ?" ಎಂದರು. ನಾರು ಬಿಡಿಸುವ ಮುದುಕರೊಬ್ಬರು "ಇಲ್ಲ ಯಜಮಾನ್ರೇ" ಎಂದು ಬಾಯಿಮುಚ್ಚಿಕೊಂಡರು. ತಮ್ಮ ಬಾಯಿಂದ ಕಪ್ಪೆ ಹಾರಿತೇನೋ ಎನ್ನುವಂತೆ ಅಂಗೈ ನೋಡಿಕೊಂಡರು. ಎಲ್ಲರೂ ಅವರನ್ನೇ ನೋಡಿದರು. ಇನ್ನೊಬ್ಬರು ಪ್ರಯೋಗ ಮಾಡುವಂತೆ ಮೆಲ್ಲಗೆ "ನಾನೂ ನಿಲ್ಲಲ್ಲ" ಎಂದರು. ಆಮೇಲೆ ಕೇಳಬೇಕೆ! ಆ ಚಾವಣಿ ಹಾರಿಹೋಗಲಿಲ್ಲ, ಅಷ್ಟೇ.

ಮೂರು ದಿನದಿಂದ ಈ ಬೀದಿಯಲ್ಲಿ ಬೇಕೆಂದೇ ಒಬ್ಬರನ್ನೊಬ್ಬರು ಕೇಳುತ್ತಿದ್ದಾರೆ. "ನಿಮ್ಮ ಮೇಕೆ ಕೊಡ್ತೀರಾ?" "ಇಲ್ಲ!" "ನಿಮ್ಮ ಮೀಸೆ ಕೊಡ್ತೀರಾ?" "ಇಲ್ಲ!" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಮಕ್ಕಳು ಊಟ, ಸ್ನಾನ, ನಿದ್ದೆ ಯಾವುದಕ್ಕೂ ಒಪ್ಪುತ್ತಿಲ್ಲ, ತಾಯಂದಿರು ನನಗೆ ಶಾಪ ಹಾಕುತ್ತಿದ್ದಾರೆ. ಹೊಲಿಗೆಯಮ್ಮ ಬಂದು "ರೂಮು ಖಾಲಿ ಮಾಡಿ, ನನ್ನ ಮೆಷಿನ್‌ಗೆ ಬೆಳಕು ಬೇಕು" ಎಂದಳು. ಚಪ್ಪಲಿ ತಾತನನ್ನು ಅಂಗಡಿಯಲ್ಲಿ ಮಲಗಲಾ ಎಂದು ಕೇಳಿದೆ. ಮಾತು ಮುಗಿಯುವ ಮುಂಚೆ "ಸಾಧ್ಯವೇ ಇಲ್ಲ" ಎಂದು ಕುಣಿದರು. ಕೊನೆಗೆ ಗೋದಾಮಿನ ಕಾವಲುಗಾರ "ಯೋಚನೆ ಮಾಡಿ ಹೇಳ್ತೀನಿ" ಎಂದು ಹೋಗಿ, ಬಹಳ ಹೊತ್ತಾದ ಮೇಲೆ ಬಂದು "ಇರಿ" ಎಂದ. ಅದನ್ನು ಕೇಳಿ ನನಗಾದ ಸಂತೋಷ ಬರೆಯಲು ಬರುವುದಿಲ್ಲ. ಯಜಮಾನರು ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಅಜ್ಜನಿಂದ ಬಂದ ಆ ಕೈಯ ಶಕ್ತಿಯೂ ಹೋಗಿದೆ. ನಿನ್ನೆ ಬೂಟಿಗೆ ಲಾಡಿ ಹಾಕಿ ಗಂಟು ಹಾಕಿದೆ, ಬೀದಿ ತುದಿ ಮುಟ್ಟುವಷ್ಟರಲ್ಲಿ ಬಿಚ್ಚಿಹೋಯಿತು.

ಎಣ್ಣೆಕೈ ಇವತ್ತು ಗೋದಾಮಿಗೆ ಬಂದಳು. "ಕೇಳಿ" ಎಂದಳು. "ಏನನ್ನ?" "ಅವತ್ತು ಕೇಳಿದ್ರಲ್ಲ, ಅದನ್ನ." ಕೇಳಿದೆ. "ಇಲ್ಲ" ಎಂದಳು. ಒಂದೊಂದು ಅಕ್ಷರವನ್ನೂ ಚಪ್ಪರಿಸಿ ಹೇಳಿದಳು. ನಾನು ತಲೆ ತಗ್ಗಿಸಿದೆ. ಅವಳು ಬಾಗಿಲವರೆಗೆ ಹೋಗಿ ನಿಂತು, "ನಾಳೆ ಬಂದು ಮತ್ತೆ ಕೇಳಿ. ನಾಳೇನೂ ಇಲ್ಲ ಅಂತೀನಿ. ಎಷ್ಟು ದಿನ ಅಂತೀನೋ ನಾನೂ ನೋಡಬೇಕು" ಎಂದಳು.

ನಾಳೆ ಹೋಗುತ್ತೇನೆ.

ಅಜ್ಜಿ, ನೀನೂ ಇಲ್ಲಿಗೆ ಬಂದುಬಿಡು. ಆ ಮನೆಯನ್ನು ಮಾರಿಬಿಡೋಣ, ಅಜ್ಜನ ನೆನಪೂ ಅಲ್ಲೇ ಕಳೆಯಲಿ. ಬರುತ್ತೀಯಲ್ಲವೇ? ನೀನು ಯಾವತ್ತು ನನ್ನ ಮಾತು ತೆಗೆದುಹಾಕಿದ್ದೀಯ! ಹಗ್ಗವನ್ನು ನಾನೇ ಇಟ್ಟುಕೊಳ್ಳಲಾ? ನೆನಪಿಗೆ.

ನಿನ್ನ ಮೊಮ್ಮಗ


ಜೂನ್ 18

ಮರೀ,

ಇಲ್ಲ. ನಾನು ಬರುವುದಿಲ್ಲ. ಮನೆ ಮಾರುವುದಿಲ್ಲ.

ಈ ಸಾಲು ಬರೆದು ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಅದನ್ನೇ ನೋಡಿದೆ. ನನ್ನ ಅಕ್ಷರವೇ.

ನೀನು ಹಗ್ಗ ಬಿಚ್ಚಿದ ಭಾನುವಾರ ಎದುರುಮನೆಯವಳು ಬಂದು ಕನ್ನಡಿ ಕೇಳಿದಳು. ಮನೆಯಲ್ಲಿ ಉಳಿದಿದ್ದದ್ದು ಅದೊಂದೇ. "ಕೊಡಲ್ಲ" ಎಂದೆ. ಅವಳಿಗಿಂತ ನಾನೇ ಹೆಚ್ಚು ಬೆಚ್ಚಿದೆ. ಅವಳು ಹೋದ ಮೇಲೆ ಆ ಕನ್ನಡಿಯ ಮುಂದೆ ನಿಂತು ಇನ್ನೂ ನಾಲ್ಕು ಸಲ ಹೇಳಿಕೊಂಡೆ. ಆಮೇಲೆ ಹೋಗಿ ಮಂಚ, ಗಡಿಯಾರ, ಕುರ್ಚಿ ಎಲ್ಲ ಹೊರಿಸಿಕೊಂಡು ಬಂದೆ.

ಚಿಕ್ಕ ಗಂಟು ನನ್ನದು. ನಿಮ್ಮಜ್ಜ ಆಗ ನಿನ್ನ ವಯಸ್ಸಿನವರು. ನಮ್ಮ ಮನೆಯ ಮುಂದೆ ದಿನಾ ಓಡಾಡುತ್ತಿದ್ದರು. ಮದುವೆಯಾಗುತ್ತೀಯಾ ಎಂದು ಕೇಳುವ ಹಿಂದಿನ ದಿನ ಅದನ್ನು ಹಾಕಿದರಂತೆ. ಕೇಳಿದರು, ಆಗಲಿ ಎಂದೆ. ಗಂಟು ಕೆಲಸ ಮಾಡಿದೆ ಎಂದು ಗೊತ್ತಾದ ಮೇಲೆ ಆ ಬೀದಿಗೆ ಹೋಗಿ ದೊಡ್ಡದನ್ನು ಹಾಕಿ, ಆ ದುಡ್ಡಿನಲ್ಲಿ ಈ ಮನೆ ಕಟ್ಟಿದರು. ನಿನ್ನ ಅಪ್ಪ ಹುಟ್ಟಿದ ಮೇಲೆ ಅವರೇ ಬಾಯಿಬಿಟ್ಟು ಹೇಳಿದರು. ಯಾರಿಗೂ ಹೇಳಬೇಡ ಎಂದರು. ಆಗಲಿ ಎಂದೆ. ಬೇರೆ ಏನು ತಾನೇ ಅನ್ನಬಹುದಿತ್ತು? ನೀನು ಹಗ್ಗ ಕಳಿಸು ಎಂದಾಗಲೂ ಕಳಿಸಿದ್ದು ನಂಬಿಕೆಯಿಂದಲ್ಲ, ಮರಿ. ನೀನು ಕೇಳಿದೆ, ಅದಕ್ಕೆ. ಆ ಕಟ್ಟನ್ನು ಅಂಚೆಗೆ ಹಾಕಿ ಬಂದು ಊಟ ಮಾಡಲಾಗಲಿಲ್ಲ. ನೀನು ನಂಬಿಕೆ ಎಂದುಕೊಂಡದ್ದು ಒಳ್ಳೆಯದೇ ಆಯಿತು. ಈಗ ನಂಬಿಕೆ ಬಂದಿದೆ.

ಇಷ್ಟು ದಿನ ಒಂದೇ ಲೆಕ್ಕ ಹಾಕುತ್ತಿದ್ದೇನೆ. ಗಂಟಿಲ್ಲದೆ ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ? ಅವರು ಮನೆ ಮುಂದೆ ಹಾದುಹೋಗುವ ಹೊತ್ತಿಗೆ ನಾನೂ ಏನಾದರೊಂದು ನೆಪ ಮಾಡಿ ಕಿಟಕಿಗೆ ಬರುತ್ತಿದ್ದೆ. ಬಹುಶಃ ಹೂಂ ಅಂತಲೇ ಅನ್ನುತ್ತಿದ್ದೆ. ಆ ಒಂದು ಮಾತಿಗೆ ಕಾಯುವ ಧೈರ್ಯ ಅವರಿಗೆ ಬರಲಿಲ್ಲ. ಸಾಯುವವರೆಗೂ ನನ್ನ ಮುಖ ನೋಡಿ ನೋಡಿ ಹುಡುಕಿದರು, ಸಿಗಲಿಲ್ಲ. ನನಗೂ ಸಿಗಲಿಲ್ಲ. ಅವರ ಮೇಲೆ ಸಿಟ್ಟಿದೆ, ತುಂಬಾ ಇದೆ. ಈಗ ನೆಮ್ಮದಿಯಾಗಿ ಸಿಟ್ಟು ಮಾಡುತ್ತೇನೆ.

ಆ ಹುಡುಗಿ ದಿನಾ ಇಲ್ಲ ಎನ್ನಲಿ. ನೀನು ಕೇಳಿಸಿಕೊ. ಅವಳು ಇಲ್ಲ ಎಂದಾಗ ನಿನ್ನ ಮುಖ ಹೇಗಿರುತ್ತದೆ ಎಂದು ಅವಳು ನೋಡುತ್ತಿರುತ್ತಾಳೆ, ನೆನಪಿರಲಿ.

ಹಗ್ಗ ನೀನು ಇಟ್ಟುಕೊಳ್ಳುವ ಹಾಗಿಲ್ಲ. ಅದು ನನ್ನದು, ಕೂಡಲೇ ಕಳಿಸು. ಜೊತೆಗೆ ಕಂಬಳಿಯನ್ನೂ ಕಳಿಸು, ಮನೆಯಲ್ಲಿ ಇದ್ದದ್ದು ಅದೊಂದೇ. ಒಗೆದ ಬಟ್ಟೆಯನ್ನೆಲ್ಲ ಬಾಗಿಲ ಮೇಲೆ ಹಾಕಿಕೊಂಡು ಕೂತಿದ್ದೇನೆ.

ಅಜ್ಜಿ